ತಾರಸಿಯ ಮೇಲಿನ ಬಿಸಿನೀರು: ಐದೂವರೆ ಮಿಲಿಮೀಟರಿನ ಲೆಕ್ಕ

ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ನಲ್ಲೂರು ಅಡಿಕೆ ತೋಟಗಳ ಸೀಮೆಯ ಊರು. ಈ ಭಾಗದ ಹಳೆಯ ಮನೆಗಳ ಬಚ್ಚಲಿನಲ್ಲಿ ತಾಮ್ರದ ಹಂಡೆ, ಅದರಡಿ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಉರಿಯುವ ಒಲೆ ಇವೆಲ್ಲ ಹೊಸತೇನಲ್ಲ. ಕೆಲವು ವರ್ಷಗಳ ಹಿಂದೆ ಅಲ್ಲಿಯ ನನ್ನ ಅಕ್ಕನ ಮನೆಯ ತಾರಸಿಯ ಮೇಲೆ 100 ಲೀಟರಿನ ಸೌರ ಜಲತಾಪಕ, ಅಂದರೆ ಸೋಲಾರ್ ವಾಟರ್ ಹೀಟರ್, ಬಂದು ಕುಳಿತಿತು. ವಾರ ಕಳೆದರೂ ನಲ್ಲಿಯಲ್ಲಿ ಬಂದದ್ದು ಉಗುರು ಬೆಚ್ಚಗಿನ ನೀರು ಮಾತ್ರ. ಅಳವಡಿಸಿದವರು "ಬಿಸಿಲು ಸಾಲದು" ಎಂದು ಹೇಳಿ ಹೋಗಿದ್ದರು. ಆಗ ಫೆಬ್ರವರಿ ತಿಂಗಳು! "ನೀನು ಫಿಸಿಕ್ಸ್ ಪಾಠ ಮಾಡೋನಲ್ವೇನೋ, ಇದಕ್ಕೇನಾಗಿದೆ ಸ್ವಲ್ಪ ನೋಡಪ್ಪ" ಎಂದು ಅಕ್ಕ ಕರೆಸಿಕೊಂಡರು.

ಮಧ್ಯಾಹ್ನ 12 ಗಂಟೆಗೆ ತಾರಸಿ ಹತ್ತಿ ನೋಡಿದೆ. ಸಂಗ್ರಾಹಕ ಫಲಕದ ಮೇಲ್ತುದಿಯಿಂದ ಹೊರಡುವ ಕೊಳವೆಯ ಬುಡ ಮುಟ್ಟಲಾರದಷ್ಟು ಕಾದಿತ್ತು. ಅದೇ ಕೊಳವೆ ಟ್ಯಾಂಕನ್ನು ಸೇರುವ ಇನ್ನೊಂದು ತುದಿ ತಣ್ಣಗಿತ್ತು. ಸೂರ್ಯನ ಕೆಲಸ ಸರಿಯಾಗಿಯೇ ನಡೆದಿತ್ತು; ನೀರು ಮಾತ್ರ ಚಲಿಸುತ್ತಿರಲಿಲ್ಲ.

ಬಿಸಿಲು ಸಾಕೇ ಎಂಬ ಪ್ರಶ್ನೆಗೆ ಪ್ರೌಢಶಾಲೆಯ ಲೆಕ್ಕವೇ ಉತ್ತರ ಕೊಡುತ್ತದೆ. 100 ಕಿಲೋಗ್ರಾಂ ನೀರನ್ನು 24 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಗೆ ಏರಿಸಲು ಬೇಕಾದ ಉಷ್ಣ 100 × 4.19 × 36, ಅಂದರೆ ಸುಮಾರು 15,000 ಕಿಲೋಜೂಲ್. ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಇದು 4.2 ಯೂನಿಟ್. ನಮ್ಮ ಸೀಮೆಯಲ್ಲಿ ಮೋಡವಿಲ್ಲದ ದಿನ ಪ್ರತಿ ಚದರ ಮೀಟರಿಗೆ 5 ಯೂನಿಟ್ಟಿನಷ್ಟು ಸೌರಶಕ್ತಿ ಬೀಳುತ್ತದೆ. 2 ಚದರ ಮೀಟರಿನ ಫಲಕ ಅದರಲ್ಲಿ ಅರ್ಧದಷ್ಟನ್ನು ನೀರಿಗೆ ದಾಟಿಸಿದರೂ 5 ಯೂನಿಟ್ ಸಿಕ್ಕಿತು. 100 ಲೀಟರಿಗೆ 2 ಚದರ ಮೀಟರ್ ಎಂಬ ರೂಢಿಯ ಅಳತೆ ಬಂದದ್ದು ಹೀಗೆ. ಇಷ್ಟೇ ನೀರನ್ನು ಹಂಡೆಯಲ್ಲಿ ಕಾಯಿಸಲು, ಒಲೆಯ ದಕ್ಷತೆ ಶೇಕಡಾ 20 ಎಂದಿಟ್ಟುಕೊಂಡರೆ, 5 ಕಿಲೋಗ್ರಾಂ ಒಣ ಸೌದೆ ಬೇಕು.

ಫಲಕ ದಕ್ಷಿಣಕ್ಕೆ ಮುಖ ಮಾಡಿರಬೇಕು ಎಂಬುದು ಎಲ್ಲರಿಗೂ ಗೊತ್ತು. ಎಷ್ಟು ಓರೆಯಾಗಿರಬೇಕು? ನಲ್ಲೂರಿನ ಅಕ್ಷಾಂಶ ಸುಮಾರು 14 ಡಿಗ್ರಿ ಉತ್ತರ. ಡಿಸೆಂಬರ್ 22ರ ನಡುಹಗಲಿನಲ್ಲಿ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ 37.5 ಡಿಗ್ರಿ ವಾಲಿರುತ್ತಾನೆ. ಮಟ್ಟಸವಾಗಿ ಮಲಗಿಸಿದ ಫಲಕಕ್ಕೆ ಆಗ ನೇರ ಕಿರಣದ ಶೇಕಡಾ 79 ಭಾಗ ಸಿಗುತ್ತದೆ. 25 ಡಿಗ್ರಿ ಓರೆಯಾಗಿಸಿದರೆ ಶೇಕಡಾ 98. ಹಾಗೆ ಮಾಡಿದಾಗ ಜೂನಿನಲ್ಲಿ ನಷ್ಟವಾಗುತ್ತದೆ, ನಿಜ. ಆದರೆ ಜೂನಿನಲ್ಲಿ ಇಲ್ಲಿ ಹೇಗೂ ಮುಂಗಾರು ಮೋಡ. ಬಿಸಿನೀರು ಹೆಚ್ಚು ಬೇಕಾಗುವ ಚಳಿಗಾಲಕ್ಕೆ ಅನುಕೂಲವಾಗುವಂತೆ ಅಕ್ಷಾಂಶಕ್ಕೆ ಹತ್ತು ಹನ್ನೆರಡು ಡಿಗ್ರಿ ಸೇರಿಸುವುದು ಜಾಣತನ. ಅಕ್ಕನ ಮನೆಯ ಫಲಕದಲ್ಲಿ ಇವೆಲ್ಲ ಸರಿಯಾಗಿಯೇ ಇದ್ದವು.

ಈಗ ಚಲನೆಗೆ ಬರೋಣ. ಈ ಸಾಧನದಲ್ಲಿ ಪಂಪು ಇಲ್ಲ. ಫಲಕದೊಳಗಿನ ಸಪೂರ ತಾಮ್ರದ ಏರುಗೊಳವೆಗಳಲ್ಲಿ ಕಾದ ನೀರು ಹಗುರಾಗಿ ಮೇಲೇರಿ ಟ್ಯಾಂಕಿನ ಮೇಲ್ಭಾಗ ಸೇರುತ್ತದೆ. ಟ್ಯಾಂಕಿನ ತಳದ ತಣ್ಣೀರು ಇನ್ನೊಂದು ಕೊಳವೆಯಲ್ಲಿ ಇಳಿದು ಫಲಕದ ಕೆಳತುದಿಗೆ ಬರುತ್ತದೆ. ಇದೇ ಥರ್ಮೋಸೈಫನ್, ನಾವು ತರಗತಿಯಲ್ಲಿ ಬೀಕರಿನಲ್ಲಿ ತೋರಿಸುವ ಸಂವಹನದ ದೊಡ್ಡ ರೂಪ. ಈ ಚಲನೆಯ ಹಿಂದಿರುವ ಬಲವೆಷ್ಟು ಎಂಬುದನ್ನು ಪಾಠದಲ್ಲಿ ನಾವು ಸಾಮಾನ್ಯವಾಗಿ ಲೆಕ್ಕ ಹಾಕುವುದಿಲ್ಲ. 30 ಡಿಗ್ರಿಯ ನೀರಿನ ಸಾಂದ್ರತೆ ಘನ ಮೀಟರಿಗೆ 995.7 ಕಿಲೋಗ್ರಾಂ, 45 ಡಿಗ್ರಿಯಲ್ಲಿ 990.2. ವ್ಯತ್ಯಾಸ 5.5. ಒಂದು ಮೀಟರ್ ಎತ್ತರದ ತಣ್ಣೀರಿನ ಕಂಬ ಅಷ್ಟೇ ಎತ್ತರದ ಬಿಸಿನೀರಿನ ಕಂಬವನ್ನು ತಳ್ಳುವ ಒತ್ತಡ 54 ಪಾಸ್ಕಲ್. ಇದು ಕೇವಲ ಐದೂವರೆ ಮಿಲಿಮೀಟರ್ ನೀರಿನ ಒತ್ತಡಕ್ಕೆ ಸಮ! ಲೋಟದಲ್ಲಿರುವ ಶರಬತ್ತನ್ನು ಸ್ಟ್ರಾನಲ್ಲಿ ಹೀರುವ ಮಗು ಇದರ ಹತ್ತು ಪಟ್ಟಿಗಿಂತ ಹೆಚ್ಚು ಒತ್ತಡ ಹಾಕುತ್ತದೆ.

ನಲ್ಲೂರಿನ ಒಗಟಿಗೆ ಉತ್ತರ ಇಲ್ಲಿದೆ. ಫಲಕದಿಂದ ಟ್ಯಾಂಕಿಗೆ ಹೋಗುವ ಕೊಳವೆಯನ್ನು ಒಂದು ಗೋಡೆಯ ಮೂಲೆ ದಾಟಿಸಲು ಸುಮಾರು 6 ಸೆಂಟಿಮೀಟರ್ ಮೇಲೆತ್ತಿ, ಮತ್ತೆ ಇಳಿಸಿ ಜೋಡಿಸಿದ್ದರು. ಉಷ್ಣರೋಧಕ ಹೊದಿಕೆಯೊಳಗೆ ಆ ಗೂನು ಕಣ್ಣಿಗೆ ಬೀಳುತ್ತಿರಲಿಲ್ಲ. ನೀರು ತುಂಬಿದಾಗ ಗಾಳಿ ಅಲ್ಲೇ ಸಿಕ್ಕಿಕೊಂಡಿತು. ಆ ಗಾಳಿಯನ್ನು ದಾಟಲು ನೀರು ಗೂನಿನ ನೆತ್ತಿಯವರೆಗೆ ಕೆಲವು ಸೆಂಟಿಮೀಟರ್ ಏರಬೇಕು. ತಳ್ಳುವ ಬಲವೋ ಮಿಲಿಮೀಟರುಗಳ ಲೆಕ್ಕದ್ದು. ಫಲಕದೊಳಗಿನ ನೀರು 90 ಡಿಗ್ರಿಗೆ ಕಾದರೂ ಅದು 3 ಸೆಂಟಿಮೀಟರಿಗೆ ಮಾತ್ರ ಏರುತ್ತದೆ. ಕೊನೆಗೆ ಒಳಗೆ ನೀರು ಕುದಿದು ಆವಿ ಆಗೀಗ ಒಂದಿಷ್ಟನ್ನು ಆಚೆ ನೂಕುತ್ತಿತ್ತು. ಮಧ್ಯಾಹ್ನ ತಾರಸಿಯಿಂದ ಕೇಳಿಸುತ್ತಿದ್ದ ಗುಡುಗುಡು ಸದ್ದಿಗೂ ಬೆಳಗಿನ ಉಗುರು ಬೆಚ್ಚಗಿನ ನೀರಿಗೂ ಅದೇ ಕಾರಣ.

ಒಮ್ಮೆ ಗಾಳಿ ತೆಗೆದರೆ ಸಾಲದೇ ಎಂದು ಕೇಳಬಹುದು. ಸಾಲದು. ತಣ್ಣೀರಿನಲ್ಲಿ ಗಾಳಿ ಕರಗಿರುತ್ತದೆ. ಕಾದಂತೆ ಅದು ಗುಳ್ಳೆಗಳಾಗಿ ಹೊರಬೀಳುತ್ತದೆ. ಪಾತ್ರೆಯಲ್ಲಿ ನೀರು ಕುದಿಯುವುದಕ್ಕೆ ಬಹಳ ಮೊದಲೇ ಅಂಚಿಗೆ ಅಂಟಿಕೊಳ್ಳುವ ಗುಳ್ಳೆಗಳನ್ನು ನೆನಪಿಸಿಕೊಳ್ಳಿ. ದಿನವೂ ಹೊಸ ನೀರು, ದಿನವೂ ಹೊಸ ಗಾಳಿ. ಆದ್ದರಿಂದ ಆ ಕೊಳವೆ ಎಲ್ಲಿಯೂ ಇಳಿಯದೆ, ಮಟ್ಟಸವಾಗಿಯೂ ಇರದೆ ಟ್ಯಾಂಕಿನತ್ತ ಏರುತ್ತಲೇ ಹೋಗಬೇಕು. ಗಾರೆಯವರ ರಸಮಟ್ಟವೊಂದಿದ್ದರೆ ಪರೀಕ್ಷಿಸಲು ಐದು ನಿಮಿಷ ಸಾಕು. ಅಕ್ಕನ ಮನೆಯಲ್ಲಿ ಊರಿನ ಪ್ಲಂಬರೊಬ್ಬರು ಗೂನನ್ನು ಕತ್ತರಿಸಿ ನೇರ ಏರು ಕೊಟ್ಟರು. ಒಂದು ಗಂಟೆಯ ಕೆಲಸ.

ಟ್ಯಾಂಕಿನ ಎತ್ತರದಲ್ಲೂ ಇಂಥದ್ದೇ ಸೂಕ್ಷ್ಮವಿದೆ. 1891ರಲ್ಲಿ ಅಮೆರಿಕದ ಕ್ಲಾರೆನ್ಸ್ ಕೆಂಪ್ ಪೇಟೆಂಟ್ ಪಡೆದ ಜಲತಾಪಕದಲ್ಲಿ ಗಾಜಿನ ಪೆಟ್ಟಿಗೆಯೊಳಗೇ ಟ್ಯಾಂಕುಗಳಿದ್ದವು; ರಾತ್ರಿಯಾದರೆ ನೀರು ಆರುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ ಫಲಕವನ್ನು ಬೇರೆ ಮಾಡಿ, ಹೊದಿಕೆಯಿರುವ ಟ್ಯಾಂಕನ್ನು ಅದಕ್ಕಿಂತ ಮೇಲಿಟ್ಟ. ಇಂದಿನ ವಿನ್ಯಾಸದ ಮೂಲ ಅದೇ. ಟ್ಯಾಂಕಿನ ತಳ ಫಲಕದ ಮೇಲ್ತುದಿಗಿಂತ 30 ಸೆಂಟಿಮೀಟರಿನಷ್ಟಾದರೂ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ರಾತ್ರಿ ಫಲಕ ತೆರೆದ ಆಕಾಶಕ್ಕೆ ಉಷ್ಣ ಸೂಸಿ ತಣ್ಣಗಾದಾಗ ಅದರೊಳಗಿನ ನೀರು ಭಾರವಾಗಿ ಕೆಳಗಿಳಿದು, ಟ್ಯಾಂಕಿನ ಬಿಸಿನೀರು ಹಿಮ್ಮುಖವಾಗಿ ಫಲಕಕ್ಕೆ ಹರಿಯಬಹುದು. ಹಗಲು ಗಳಿಸಿದ್ದನ್ನು ಇರುಳು ಕಳೆದಂತೆ.

ಟ್ಯಾಂಕಿನ ಮೇಲಿಂದ ಎದ್ದಿರುವ ಗಾಳಿಗೊಳವೆಯ ಬಗ್ಗೆ ಒತ್ತಿ ಹೇಳಬೇಕು; ಇದು ಸುರಕ್ಷತೆಯ ವಿಷಯ. 25ರಿಂದ 60 ಡಿಗ್ರಿಗೆ ಕಾದಾಗ 100 ಲೀಟರ್ ನೀರು ಸುಮಾರು 1.4 ಲೀಟರ್ ಹಿಗ್ಗುತ್ತದೆ. ಬಿಡುಗಡೆಯಾದ ಗಾಳಿ, ಆವಿ ಇವಕ್ಕೂ ದಾರಿ ಬೇಕು. ತಣ್ಣೀರು ನಿಂತಾಗ ಕೆಳಗೆ ಯಾರಾದರೂ ಬಿಸಿನೀರಿನ ನಲ್ಲಿ ತಿರುಗಿಸಿದರೆ ಗಾಳಿ ಒಳಬರದೆ ಟ್ಯಾಂಕಿನ ತೆಳು ತಗಡು ಒಳಕ್ಕೆ ಕುಸಿಯಬಹುದು. ಈ ಕೊಳವೆಯ ಬಾಯಿ ತಣ್ಣೀರಿನ ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲವಾದರೆ ನೀರು ಸುರಿಯುತ್ತಲೇ ಇರುತ್ತದೆ. ಹಾಗೆ ಸುರಿಯುವುದನ್ನು ನಿಲ್ಲಿಸಲು ಬಿರಡೆ ಜಡಿದಿರುವುದನ್ನು ನಾನು ಒಂದೆರಡು ಕಡೆ ಕಂಡಿದ್ದೇನೆ. ಎಂದಿಗೂ ಹಾಗೆ ಮಾಡಬಾರದು.

ಮೊದಲ ಬಾರಿ ನೀರು ತುಂಬುವುದು ಬೆಳಗ್ಗೆ, ಫಲಕಕ್ಕೆ ಬಟ್ಟೆ ಹೊದಿಸಿ. ಬಿಸಿಲಿನಲ್ಲಿ ಒಣಗಿ ಕಾದ ನಿರ್ವಾತ ಗಾಜಿನ ನಳಿಕೆಗೆ ತಣ್ಣೀರು ಬಿದ್ದರೆ ಅದು ಒಡೆಯುವುದುಂಟು. ತುಂಬಿದ ಮೇಲೆ ಒಂದು ಪೂರ್ತಿ ಬಿಸಿಲಿನ ದಿನ ನೀರನ್ನು ಬಳಸದೆ ಬಿಡಿ. ಸಂಜೆ 6ಕ್ಕೆ ಮತ್ತು ಮರುದಿನ ಬೆಳಗ್ಗೆ 6ಕ್ಕೆ, ಕೊಳವೆಯಲ್ಲಿ ನಿಂತ ನೀರನ್ನು ಹರಿಸಿ ತಾಪ ಅಳೆಯಿರಿ. 15 ಮಿಲಿಮೀಟರ್ ಒಳವ್ಯಾಸದ 20 ಮೀಟರ್ ಕೊಳವೆಯಲ್ಲೇ ಮೂರೂವರೆ ಲೀಟರ್ ನೀರಿರುತ್ತದೆ ಎಂಬುದು ನೆನಪಿರಲಿ. ರಾತ್ರಿಯ ಇಳಿಕೆ ಹತ್ತು ಡಿಗ್ರಿ ಮೀರಿದರೆ ನಾನು ಮೊದಲು ಹಿಮ್ಮುಖ ಹರಿವನ್ನು ಶಂಕಿಸುತ್ತೇನೆ. ಶಾಲೆಯ ವಿಜ್ಞಾನ ಸಂಘಕ್ಕೆ ಇದು ಒಳ್ಳೆಯ ಯೋಜನೆ. ಬೇಕಾದದ್ದು ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್. ಕೈಗೆ ಬಿಸಿನೀರು ತಾಗದಂತೆ ಹಿರಿಯರು ಜೊತೆಗಿರಲಿ.

ಇಷ್ಟಾದರೂ ಕೊಳವೆಬಾವಿಯ ಗಡಸು ನೀರಿನ ಕಾಟ ತಪ್ಪದು. ಕಾದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಆಗಿ ಕೊಳವೆಯ ಒಳಗೋಡೆಗೆ ಅಂಟುತ್ತದೆ. ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುವುದರಿಂದ, 12 ಮಿಲಿಮೀಟರ್ ವ್ಯಾಸದ ಏರುಗೊಳವೆಯಲ್ಲಿ ಒಂದೇ ಮಿಲಿಮೀಟರ್ ದಪ್ಪ ಪದರ ಕಟ್ಟಿದರೂ ಅದೇ ಒತ್ತಡಕ್ಕೆ ಹರಿವು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಇಂಥ ನೀರಿರುವ ಕಡೆ ಅಗಲ ಬಾಯಿಯ ಗಾಜಿನ ನಳಿಕೆಗಳ ಮಾದರಿ ಮೇಲು, ಇಲ್ಲವೇ ತಾರಸಿಯ ಮಳೆನೀರನ್ನೇ ಹಿಡಿದು ಬಳಸಬಹುದು. ಅಕ್ಕನ ಮನೆಯಲ್ಲಿ ಈಗ ಎರಡು ವರ್ಷಕ್ಕೊಮ್ಮೆ ಫಲಕವನ್ನು ತೊಳೆಸುತ್ತಾರೆ. ಹಂಡೆಯನ್ನು ಅವರು ತೆಗೆದಿಲ್ಲ. ಜುಲೈ ತಿಂಗಳಲ್ಲಿ ಅದರಡಿ ಅಡಿಕೆ ಸಿಪ್ಪೆ ಇನ್ನೂ ಉರಿಯುತ್ತದೆ.