ಕಾರಿನ ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್ ಬದಲಾವಣೆ: ಅಳತೆ, ಆಯ್ಕೆ, ಲೆಕ್ಕ

ರಾಯಚೂರು–ಲಿಂಗಸುಗೂರು ಮಾರ್ಗದಲ್ಲಿರುವ ಕವಿತಾಳದಂತಹ ಊರುಗಳ ವರ್ತಕರಿಗೆ ಕಾರು ಇಂದು ಆಡಂಬರದ ವಸ್ತುವಾಗಿ ಉಳಿದಿಲ್ಲ. ಹತ್ತಿಯ ಲೆಕ್ಕ ಚುಕ್ತಾ ಮಾಡಲು ರಾಯಚೂರಿಗೆ, ಭತ್ತದ ವ್ಯವಹಾರಕ್ಕೆ ಮಾನ್ವಿಗೆ, ವಸೂಲಿಗೆ ದೇವದುರ್ಗಕ್ಕೆ ಓಡಾಡುವ ಈ ವಾಹನವು ಗೋದಾಮು, ತಕ್ಕಡಿಗಳಂತೆಯೇ ವ್ಯಾಪಾರದ ಒಂದು ಸಾಧನ. ಆದರೆ ತಕ್ಕಡಿಗೆ ತಪ್ಪದೆ ಮುದ್ರೆ ಹಾಕಿಸುವ ವರ್ತಕರೇ ಬ್ರೇಕಿನ ವಿಷಯ ಬಂದಾಗ “ಶಬ್ದ ಬರುತ್ತಿದೆ, ಪ್ಯಾಡ್ ಹಾಕಿಬಿಡಿ” ಎಂದು ಗ್ಯಾರೇಜಿಗೆ ಫೋನ್ ಮಾಡಿ ಸುಮ್ಮನಾಗುವುದುಂಟು. ಹಳೆಯದು ಎಷ್ಟು ಸವೆದಿತ್ತು, ಹಾಕಿದ್ದು ಯಾವ ಕಂಪನಿಯದು, ಡಿಸ್ಕನ್ನು ಅಳೆದು ನೋಡಲಾಯಿತೇ ಎಂಬ ಪ್ರಶ್ನೆಗಳು ಬಿಲ್ಲು ಬಂದ ಮೇಲೂ ಏಳುವುದಿಲ್ಲ.

ಬ್ರೇಕ್ ಎಂಬುದು ವಾಹನದ ಚಲನಶಕ್ತಿಯನ್ನು ಶಾಖವನ್ನಾಗಿ ಪರಿವರ್ತಿಸುವ ಸಾಧನ. ಈ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಕಾರನ್ನು ನಿಲ್ಲಿಸುವುದಕ್ಕಿಂತ 80 ಕಿ.ಮೀ. ವೇಗದ ಅದೇ ಕಾರನ್ನು ನಿಲ್ಲಿಸುವಾಗ ಸುಮಾರು ಶೇ. 78ರಷ್ಟು ಹೆಚ್ಚು ಶಾಖ ಹುಟ್ಟುತ್ತದೆ. ಈ ಶಾಖದ ಬಹುಪಾಲನ್ನು ಹೀರಿ ಗಾಳಿಗೆ ಬಿಡುವುದು ಎರಕದ ಕಬ್ಬಿಣದ ಡಿಸ್ಕ್. ಡಿಸ್ಕ್ ತೆಳುವಾದಷ್ಟೂ ಬೇಗ ಕಾಯುತ್ತದೆ. ಅತಿಯಾಗಿ ಕಾದ ಪ್ಯಾಡ್ ಹಿಡಿತ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಮೀರುವ, ಸುಗ್ಗಿಯಲ್ಲಿ ಟ್ರ್ಯಾಕ್ಟರು ಮತ್ತು ಎತ್ತಿನ ಗಾಡಿಗಳು ರಸ್ತೆಗೆ ದಿಢೀರನೆ ಏರುವ ಈ ಭಾಗದಲ್ಲಿ ಇದು ಕೇವಲ ಪುಸ್ತಕದ ಮಾತಲ್ಲ.

ಆದುದರಿಂದ ಕೊಳ್ಳುವ ಮುನ್ನ ಅಳತೆ ಅವಶ್ಯ. ಪ್ರತಿ ಡಿಸ್ಕಿನ ಮೇಲೂ ತಯಾರಕರು ಸಾಮಾನ್ಯವಾಗಿ ‘ಮಿನ್ ಟಿಎಚ್’ ಎಂಬ ಇಂಗ್ಲಿಷ್ ಅಕ್ಷರಗಳೊಂದಿಗೆ ಕನಿಷ್ಠ ದಪ್ಪವನ್ನು ಕೆತ್ತಿರುತ್ತಾರೆ. ಉದಾಹರಣೆಗೆ, ಹೊಸದಾಗಿದ್ದಾಗ 22 ಮಿ.ಮೀ. ಇರುವ ಡಿಸ್ಕಿಗೆ 20 ಮಿ.ಮೀ. ಕನಿಷ್ಠವೆಂದಿರಬಹುದು. ಅಂದರೆ ಸವೆಯಲು ಇರುವ ಅವಕಾಶ ಎರಡೇ ಮಿ.ಮೀ. ಅಂಚಿನಲ್ಲಿ ಸವೆಯದೆ ಉಳಿದ ದಂಡೆಯನ್ನು ಬಿಟ್ಟು, ಪ್ಯಾಡ್ ಉಜ್ಜುವ ಜಾಗದಲ್ಲಿಯೇ ಮೈಕ್ರೋಮೀಟರಿನಿಂದ ನಾಲ್ಕಾರು ಕಡೆ ಅಳೆಯಬೇಕು. ಕನಿಷ್ಠಕ್ಕಿಂತ ಕೆಳಗಿಳಿದಿದ್ದರೆ, ಬಿರುಕು ಬಿಟ್ಟಿದ್ದರೆ ಅದನ್ನು ಬದಲಿಸಲೇಬೇಕು. ಲೇತಿಗೆ ಹಾಕಿ ನಯಗೊಳಿಸಿಕೊಡುತ್ತೇವೆಂದು ಹೇಳುವವರಿದ್ದಾರೆ. ಲೇತು ಡಿಸ್ಕನ್ನು ಇನ್ನಷ್ಟು ತೆಳುವಾಗಿಸುತ್ತದೆ. ನಯಗೊಳಿಸಿದ ನಂತರವೂ ಕನಿಷ್ಠಕ್ಕಿಂತ ಸಾಕಷ್ಟು ದಪ್ಪ ಉಳಿಯುವುದಾದರೆ ಮಾತ್ರ ಆ ಖರ್ಚಿಗೆ ಅರ್ಥವಿದೆ.

ಪ್ಯಾಡಿನಲ್ಲಿ ಉಕ್ಕಿನ ಬೆನ್ನಹಲಗೆಯನ್ನು ಬಿಟ್ಟು, ಉಜ್ಜುವ ಪದಾರ್ಥದ ದಪ್ಪವನ್ನಷ್ಟೇ ಗಣಿಸಬೇಕು. ಅದು 3 ಮಿ.ಮೀ. ಸಮೀಪಕ್ಕೆ ಬಂದಾಗ ಹೊಸದಕ್ಕೆ ಸಿದ್ಧರಾಗುವುದು ಒಳಿತು. ಕೀರಲು ಶಬ್ದಕ್ಕಾಗಿ ಕಾಯುವುದು ತರವಲ್ಲ. ಬದಲಾಯಿಸುವಾಗ ಒಂದೇ ಅಚ್ಚಿನ ಎಡ ಬಲ ಎರಡೂ ಚಕ್ರಗಳಿಗೆ ಒಟ್ಟಿಗೆ ಬದಲಾಯಿಸಬೇಕು. ಒಂದೇ ಕಡೆ ಹೊಸದು ಹಾಕಿದರೆ ಕಾರು ಒಂದು ಬದಿಗೆ ಎಳೆಯಬಹುದು. ಬಿಚ್ಚಿದ ಹಳೆಯ ಪ್ಯಾಡುಗಳನ್ನು ಕೇಳಿ ಪಡೆದು ನೋಡುವುದೂ ಉಪಯುಕ್ತ. ಒಳಗಿನದು ಸವೆದು ಹೊರಗಿನದು ದಪ್ಪವಾಗಿ ಉಳಿದಿದ್ದರೆ ಕ್ಯಾಲಿಪರಿನ ಜಾರುವ ಪಿನ್ನುಗಳು ಸಿಕ್ಕಿಕೊಂಡಿರುವ ಸಂಭವ ಹೆಚ್ಚು. ಎರೆಮಣ್ಣಿನ ಕೆಸರು, ಧೂಳು ತುಂಬುವ ನಮ್ಮ ರಸ್ತೆಗಳಲ್ಲಿ ಇದು ಅಪರೂಪವಲ್ಲ. ಪಿನ್ನನ್ನು ಸರಿಪಡಿಸದೆ ಹೊಸ ಪ್ಯಾಡ್ ಹಾಕುವುದು ಸೋರುವ ಡಬ್ಬಿಗೆ ಎಣ್ಣೆ ತುಂಬಿದಂತೆ.

ಇನ್ನು ಆಯ್ಕೆ. ಭಾರತದಲ್ಲಿ ಬ್ರೇಕ್ ತಯಾರಿಕೆಯ ದೊಡ್ಡ ಕೇಂದ್ರಗಳಲ್ಲಿ ಚೆನ್ನೈ ಒಂದು. 1962ರಲ್ಲಿ ಆರಂಭವಾದ ಬ್ರೇಕ್ಸ್ ಇಂಡಿಯಾ, 1974ರ ಸುಂದರಂ ಬ್ರೇಕ್ ಲೈನಿಂಗ್ಸ್ ಅಲ್ಲಿಯವು. ಕಾರು ಕಂಪನಿಯ ಪೆಟ್ಟಿಗೆಯಲ್ಲಿಯೇ ಕೊಳ್ಳಬೇಕೆಂಬ ಕಟ್ಟಳೆಯೇನಿಲ್ಲ. ಹೆಸರಾಂತ ಬಿಡಿಭಾಗ ತಯಾರಕರು ಸ್ವಂತ ಹೆಸರಿನಲ್ಲಿ ಮಾರುವ ಪ್ಯಾಡುಗಳೂ ವಿಶ್ವಾಸಾರ್ಹವೇ. ಅನೇಕ ಪ್ಯಾಡುಗಳ ಬೆನ್ನಿಗೆ ‘ಎಫ್‌ಎಫ್’, ‘ಜಿಜಿ’ ಎಂಬಂತಹ ಎರಡು ಅಕ್ಷರಗಳಿರುತ್ತವೆ. ಮೊದಲನೆಯದು ಸಾಮಾನ್ಯ ಉಷ್ಣಾಂಶದಲ್ಲಿನ, ಎರಡನೆಯದು ಕಾದ ಸ್ಥಿತಿಯಲ್ಲಿನ ಘರ್ಷಣೆಯ ಗುಣಾಂಕವನ್ನು ಸೂಚಿಸುತ್ತದೆ. ‘ಇ’ ಎಂದರೆ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ಇದು ಗುಣಮಟ್ಟದ ದರ್ಜೆಯಲ್ಲ, ಬಾಳಿಕೆಯ ಭರವಸೆಯಂತೂ ಅಲ್ಲವೇ ಅಲ್ಲ. ಮುಂದಿನ ಅಕ್ಷರ ಮೇಲೆಂದು ಮಾರುವವರ ಮಾತಿಗೆ ಮರುಳಾಗದೆ, ಮೂಲ ಪ್ಯಾಡಿಗೆ ಹೊಂದುವುದನ್ನು ಕೇಳುವುದು ಕ್ಷೇಮ. ರಂಧ್ರ ಕೊರೆದ ಡಿಸ್ಕುಗಳ ಶೋಕಿ ಕುಟುಂಬದ ಕಾರಿಗೆ ಬೇಕಿಲ್ಲ.

ಬೆಲೆಯ ಲೆಕ್ಕ ಮಾಡುವಾಗ ಪೆಟ್ಟಿಗೆಯ ಬೆಲೆಯನ್ನಲ್ಲ, ಕಿಲೋಮೀಟರಿನ ಬೆಲೆಯನ್ನು ಹಿಡಿಯಬೇಕು. ಒಂದು ಜೋಡಣೆಯ ಬೆಲೆ 1,200 ರೂ., ಬಾಳಿಕೆ 15,000 ಕಿ.ಮೀ. ಎಂದೂ, ಇನ್ನೊಂದರ ಬೆಲೆ 2,400 ರೂ., ಬಾಳಿಕೆ 40,000 ಕಿ.ಮೀ. ಎಂದೂ, ಕೂಲಿ ಎರಡಕ್ಕೂ 500 ರೂ. ಎಂದೂ ಭಾವಿಸೋಣ. ಮೊದಲನೆಯದು ಕಿ.ಮೀ.ಗೆ 11 ಪೈಸೆಗೂ ಹೆಚ್ಚು, ಎರಡನೆಯದು 7 ಪೈಸೆ ಚಿಲ್ಲರೆ. ಗಡಸು ಪ್ಯಾಡ್ ಡಿಸ್ಕನ್ನೇ ತಿಂದರೆ ಆಗುವ ವೆಚ್ಚವೂ, ಕಾರು ಗ್ಯಾರೇಜಿನಲ್ಲಿ ನಿಂತ ದಿನದ ನಷ್ಟವೂ ಇದರಲ್ಲಿ ಸೇರಿಲ್ಲ.

ತೆರಿಗೆಯ ಕಡೆಗೆ ಬಂದರೆ, ಮೋಟಾರು ವಾಹನಗಳ ಬಿಡಿಭಾಗಗಳ ಮೇಲೆ ಶೇ. 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. ಆದರೆ ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳ ದುರಸ್ತಿ ಸೇವೆಯ ಮೇಲಿನ ತೆರಿಗೆಗೆ, ಕಾನೂನು ಹೇಳಿದ ಕೆಲವು ವ್ಯವಹಾರಗಳನ್ನು ಬಿಟ್ಟರೆ, ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಆದುದರಿಂದ ಕಾರಿನ ಮಟ್ಟಿಗೆ ತೆರಿಗೆಯೂ ವೆಚ್ಚವೇ. ಸರಕು ಸಾಗಣೆಯ ಪಿಕಪ್ ವಾಹನಕ್ಕೆ ಈ ನಿರ್ಬಂಧವಿಲ್ಲ. ಎರಡರ ಬಿಲ್ಲುಗಳನ್ನು ಒಂದೇ ಖಾತೆಯಲ್ಲಿ ಬೆರೆಸಿದರೆ ಒಂದೋ ಸಿಗಬೇಕಾದ ಜಮೆ ತಪ್ಪುತ್ತದೆ, ಇಲ್ಲವೇ ಸಿಗಬಾರದ ಜಮೆ ಪಡೆದು ಮುಂದೆ ಬಡ್ಡಿ ಸಹಿತ ಕಟ್ಟಬೇಕಾಗುತ್ತದೆ. ಡಿಸ್ಕ್ ಹೊಸದಾದರೂ ಅದು ವಾಹನವನ್ನು ಹಿಂದಿನ ಸ್ಥಿತಿಗೆ ತರುವ ದುರಸ್ತಿ ಖರ್ಚೇ ಹೊರತು ಆಸ್ತಿಯ ಮೌಲ್ಯಕ್ಕೆ ಸೇರಿಸತಕ್ಕದ್ದಲ್ಲ. ಕಾರಿನ ಸ್ವಂತ ಬಳಕೆಯ ಪಾಲನ್ನು ವ್ಯಾಪಾರದ ಖರ್ಚಿನಿಂದ ಕಳೆಯಬೇಕು.

ಬಿಲ್ಲಿಲ್ಲದೆ ಅಗ್ಗವಾಗಿ ಸಿಗುವ ಮಾಲಿನ ವಿಷಯದಲ್ಲಿ ಕೊಳ್ಳುವವರಷ್ಟೇ ಮಾರುವವರೂ ಎಚ್ಚರ ವಹಿಸಬೇಕು. ಸುಳ್ಳು ಟ್ರೇಡ್‌ಮಾರ್ಕಿನ ಸರಕು ಮಾರಿದವರಿಗೆ 1999ರ ಟ್ರೇಡ್‌ಮಾರ್ಕ್ ಕಾಯಿದೆಯಡಿ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗೆ ದಂಡವಿದೆ. ತಿಳಿಯದೆ ಮಾರಿದೆನೆಂದು ಹೇಳುವ ಅಂಗಡಿಕಾರನು ತಾನು ಎಚ್ಚರ ವಹಿಸಿದ್ದನ್ನೂ, ಸರಕು ಎಲ್ಲಿಂದ ಬಂತೆಂಬುದನ್ನೂ ತೋರಿಸಬೇಕಾಗುತ್ತದೆ. ಖರೀದಿ ಬಿಲ್ಲಿಲ್ಲದಿದ್ದರೆ ತೋರಿಸುವುದಾದರೂ ಏನನ್ನು? ಕಾರಿನ ಮಾಲೀಕರಿಗೂ ಇದೇ ಮಾತು ಸಲ್ಲುತ್ತದೆ. ವಾಹನವನ್ನು ಸುಸ್ಥಿತಿಯಲ್ಲಿಡಲು ಯುಕ್ತ ಕ್ರಮ ಕೈಗೊಳ್ಳಬೇಕೆಂಬುದು ಮೋಟಾರು ವಿಮಾ ಪಾಲಿಸಿಯ ಷರತ್ತುಗಳಲ್ಲೊಂದು. ಅಪಘಾತವಾದ ಮೇಲೆ ಬ್ರೇಕಿನ ಪ್ರಶ್ನೆ ಎದ್ದರೆ ದಾಖಲೆಯಾಗಿ ನಿಲ್ಲುವುದು ದುರಸ್ತಿಯ ಬಿಲ್ಲು.

ಹೊಸ ಪ್ಯಾಡ್ ಹಾಕಿದ ಕಾರನ್ನು ಗ್ಯಾರೇಜಿನಿಂದ ಹೊರತೆಗೆಯುವ ಮುನ್ನ ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಬೇಕು. ಮೊದಲ 200–300 ಕಿ.ಮೀ.ವರೆಗೆ, ತುರ್ತಿನ ಹೊರತು, ಜೋರಾಗಿ ಬ್ರೇಕ್ ಒತ್ತದೆ ಮೃದುವಾಗಿ ನಿಲ್ಲಿಸುತ್ತ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಬಿಡಬೇಕು. ಬಿಲ್ಲಿನ ಮೇಲೆ ಕಂಪನಿಯ ಹೆಸರು, ಭಾಗದ ಸಂಖ್ಯೆ, ಅಳೆದ ಡಿಸ್ಕಿನ ದಪ್ಪ, ಅಂದಿನ ಕಿಲೋಮೀಟರ್ ಇವಿಷ್ಟನ್ನು ಬರೆಯಿಸಿಕೊಳ್ಳಬೇಕು. ಮುಂದಿನ ಬಾರಿ ಪ್ಯಾಡ್ ಬದಲಾಯಿಸುವಾಗ ಪೈಸೆಯ ಲೆಕ್ಕ ಹಾಕಲು ಈ ಅಂಕಿಗಳೇ ಬೇಕಾಗುತ್ತವೆ.