ಕೊಡಲೊಲ್ಲದ ಲೇಖಕಿ

ಕಥೆಯನ್ನು ಚಲನಚಿತ್ರಕ್ಕೆ ಕೊಡುವುದೆಂದರೆ ಮಗಳನ್ನು ಧಾರೆಯೆರೆದು ಕೊಟ್ಟಂತೆ. ಧಾರೆಯ ನೀರು ಬಿದ್ದ ಮೇಲೆ ತವರಿನವರ ಮಾತು ನಡೆಯುವುದು ಅಷ್ಟಕ್ಕಷ್ಟೆ. ಆ ನೀರನ್ನೆರೆಯಲು ಸುಮಾರು ಇಪ್ಪತ್ತು ವರ್ಷಗಳ ಕಾಲ ಒಪ್ಪದಿದ್ದ ಲೇಖಕಿಯೊಬ್ಬರ ಬಗೆಗೂ, ಅವರನ್ನು ಕುರಿತ ಚಿತ್ರವೊಂದರ ಬಗೆಗೂ ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ಆ ಲೇಖಕಿ ಪಿ. ಎಲ್. ಟ್ರಾವರ್ಸ್. ಗಾಳಿಯೊಡನೆ ಬಂದಿಳಿದು ಲಂಡನ್ನಿನ ಬ್ಯಾಂಕ್ಸ್ ದಂಪತಿಗಳ ಮಕ್ಕಳನ್ನು ನೋಡಿಕೊಳ್ಳುವ ದಾದಿಯ ಕಥೆ 'ಮೇರಿ ಪಾಪಿನ್ಸ್' 1934ರಲ್ಲಿ ಪ್ರಕಟವಾಯಿತು. ತಮ್ಮ ಹೆಣ್ಣುಮಕ್ಕಳು ಮೆಚ್ಚಿದ ಈ ಪುಸ್ತಕಕ್ಕಾಗಿ ವಾಲ್ಟ್ ಡಿಸ್ನಿ 1940ರ ದಶಕದಿಂದಲೇ ಬೆನ್ನು ಹತ್ತಿದ್ದರು. ಆಕೆ ಸೊಪ್ಪು ಹಾಕಲಿಲ್ಲ. ಕೊನೆಗೆ 1961ರಲ್ಲಿ ಚಿತ್ರಕಥೆಯ ಚರ್ಚೆಗೆಂದು ಲಾಸ್ ಏಂಜಲೀಸ್‌ಗೆ ಹೋದರು. ಆ ದಿನಗಳ ಕಥೆಯೇ 2013ರಲ್ಲಿ ಬಂದ 'ಸೇವಿಂಗ್ ಮಿಸ್ಟರ್ ಬ್ಯಾಂಕ್ಸ್'. ನಿರ್ದೇಶಕರು ಜಾನ್ ಲೀ ಹ್ಯಾನ್‌ಕಾಕ್. ಲೇಖಕಿಯಾಗಿ ಎಮ್ಮಾ ಥಾಮ್ಸನ್, ಡಿಸ್ನಿಯಾಗಿ ಟಾಮ್ ಹ್ಯಾಂಕ್ಸ್.

ಚಿತ್ರದ ಜೀವಾಳವಿರುವುದು ಚರ್ಚೆಯ ಕೋಣೆಯಲ್ಲಿ. ಒಂದು ಕಡೆ ಗೀತರಚನಕಾರರಾದ ಶರ್ಮನ್ ಸೋದರರು, ಚಿತ್ರಕಥೆಯ ಡಾನ್ ಡಗ್ರಾಡಿ. ಇನ್ನೊಂದು ಕಡೆ ಈಕೆಯೊಬ್ಬರೇ. ಹಾಡು ಬೇಡ, ಚಲಿಸುವ ಬೊಂಬೆಚಿತ್ರ ಬೇಡ, ಬ್ಯಾಂಕ್ಸ್‌ಗೆ ಮೀಸೆ ಬೇಡ, ಕೆಂಪು ಬಣ್ಣವೇ ಬೇಡ! ನೋಡುವವರಿಗೆ ಮೊದಮೊದಲು ನಗು ಬರುತ್ತದೆ. ಆಮೇಲೆ ದೃಶ್ಯ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿಗೆ ಜಾರುತ್ತದೆ. ಅಲ್ಲಿ ಹೆಲೆನ್ ಲಿಂಡನ್ ಗಾಫ್ ಎಂಬ ಬಾಲಕಿ. ಕಥೆ ಹೇಳಿ ನಗಿಸುವ, ಬ್ಯಾಂಕಿನಲ್ಲಿ ದುಡಿಯುವ, ಕುಡಿತದಿಂದ ಕುಸಿಯುತ್ತಿರುವ ತಂದೆ. ಆ ತಂದೆ, ಟ್ರಾವರ್ಸ್ ಗಾಫ್, 1907ರಲ್ಲಿ ತೀರಿಕೊಂಡಾಗ ಮಗಳಿಗೆ ಏಳು ವರ್ಷ. ಮುಂದೆ ಆಕೆ ಧರಿಸಿದ ಲೇಖನನಾಮ ಆ ತಂದೆಯ ಹೆಸರೇ. ದಾದಿ ಬಂದದ್ದು ಮಕ್ಕಳನ್ನು ಕಾಯಲಿಕ್ಕಲ್ಲ, ತಂದೆಯನ್ನು ಉಳಿಸಲಿಕ್ಕೆ ಎಂಬುದು ಚಿತ್ರದ ಅರ್ಥವಿವರಣೆ. ಮೀಸೆಯ ಜಗಳ ಆಗ ಹಾಸ್ಯವಾಗಿ ಉಳಿಯುವುದಿಲ್ಲ.

ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಆದರೆ ಈ ಚಿತ್ರವನ್ನು ತಯಾರಿಸಿದ್ದು ಡಿಸ್ನಿಯವರ ಸಂಸ್ಥೆಯೇ ಎಂಬುದನ್ನು ಮರೆಯಲಾಗದು. ವ್ಯಾಜ್ಯದಲ್ಲಿ ಗೆದ್ದವರು ಸೋತವರ ಮನಸ್ಸನ್ನು ವರ್ಣಿಸಿದರೆ ಹೇಗಿರುತ್ತದೋ ಹಾಗಿದೆ ಉತ್ತರಾರ್ಧ. ಡಿಸ್ನಿ ಲಂಡನ್ನಿಗೆ ಬಂದು ತಮ್ಮ ಬಾಲ್ಯದ ಕಷ್ಟವನ್ನು ತೋಡಿಕೊಳ್ಳುತ್ತಾರೆ, ಆಕೆ ಕರಗುತ್ತಾರೆ, ಸಹಿ ಹಾಕುತ್ತಾರೆ. ಮುಂದೆ 'ಮೇರಿ ಪಾಪಿನ್ಸ್'ನ ಮೊದಲ ಪ್ರದರ್ಶನದಲ್ಲಿ ತಂದೆಯ ನೆನಪಿನಿಂದ ಅಳುತ್ತಾರೆ. ಅದು ಮನಸ್ಸು ಹಗುರಾದ ಅಳು.

1964ರ ಆಗಸ್ಟ್ 27ರಂದು ನಡೆದ ಆ ಪ್ರದರ್ಶನಕ್ಕೆ ಲೇಖಕಿಗೆ ಆಹ್ವಾನವೇ ಹೋಗಿರಲಿಲ್ಲ. ಕೇಳಿ ಪಡೆದುಕೊಂಡು ಹೋದರು. ಅತ್ತದ್ದು ನಿಜ, ಸಂತೋಷದಿಂದಲ್ಲ. ಬೊಂಬೆಚಿತ್ರದ ಭಾಗವನ್ನು ತೆಗೆಯಬೇಕೆಂದು ಕೇಳಿದರು, ಡಿಸ್ನಿ ಒಪ್ಪಲಿಲ್ಲ. ಚಿತ್ರಕ್ಕೆ ಐದು ಆಸ್ಕರ್ ಪ್ರಶಸ್ತಿಗಳು ಬಂದವು. ಒಪ್ಪಂದದಂತೆ ಗಳಿಕೆಯ ಪಾಲು ಆಕೆಗೂ ಸಂದು, ಆಕೆ ಸಿರಿವಂತೆಯಾದರು. ಆ ಹಣವನ್ನು ಆಕೆ ಬೇಡವೆನ್ನಲಿಲ್ಲವೆಂಬುದನ್ನೂ ಹೇಳಬೇಕು, ಲೇಖಕರೂ ಉಣ್ಣಬೇಕಲ್ಲ! ಆದರೆ ಅಸಮಾಧಾನ ಆರಲಿಲ್ಲ. ಬಹುಕಾಲದ ನಂತರ ರಂಗರೂಪಕ್ಕೆ ಅನುಮತಿ ಕೊಡುವಾಗ, ಆ ಚಿತ್ರದಲ್ಲಿ ಕೆಲಸ ಮಾಡಿದವರಾರೂ ಇದರಲ್ಲಿ ಸೇರಕೂಡದೆಂದು ಷರತ್ತು ಹಾಕಿದರು. 1996ರಲ್ಲಿ ತೀರಿಕೊಂಡ ಅವರು, 2004ರಲ್ಲಿ ಲಂಡನ್ನಿನಲ್ಲಿ ರಂಗವೇರಿದ ಆ ನಾಟಕವನ್ನು ನೋಡಲಿಲ್ಲ.

ಇಷ್ಟಾದರೂ ಚಿತ್ರದವರು ಒಂದು ಪ್ರಾಮಾಣಿಕ ಕೆಲಸ ಮಾಡಿದ್ದಾರೆ. 1961ರ ಚರ್ಚೆಗಳನ್ನೆಲ್ಲ ಧ್ವನಿಸುರುಳಿಯಲ್ಲಿ ದಾಖಲಿಸಬೇಕೆಂದು ಟ್ರಾವರ್ಸ್ ಪಟ್ಟು ಹಿಡಿದಿದ್ದರು, ಸುರುಳಿಗಳು ಉಳಿದಿವೆ. ಕಥೆ ಮುಗಿದು ಕಲಾವಿದರ ಹೆಸರುಗಳು ತೆರೆಯ ಮೇಲೆ ಸಾಗುವಾಗ ಅವುಗಳ ತುಣುಕು ಕೇಳಿಸುತ್ತದೆ. ಬಾನುಲಿಯಲ್ಲಿ ಮಾತನಾಡುವ ನನಗೆ ದನಿಯ ಮೇಲೆ ಪಕ್ಷಪಾತವಿದ್ದೀತು. ಆದರೂ ಎಮ್ಮಾ ಥಾಮ್ಸನ್ನರ ಸೊಗಸಾದ ಅಭಿನಯಕ್ಕಿಂತ ನನ್ನ ಕಿವಿಯಲ್ಲಿ ನಿಂತಿರುವುದು ಆ ಹಳೆಯ ದನಿಯೇ. ಜನ ಕುರ್ಚಿ ಬಿಟ್ಟು ಏಳುತ್ತಿರುತ್ತಾರೆ. ಆಕೆ ಇನ್ನೂ ತಿದ್ದುತ್ತಲೇ ಇರುತ್ತಾರೆ.