ಮೊದಲು ಅಳತೆ, ಆಮೇಲೆ ವೇಗ

ಬಾವಿಯ ರಾಟೆಯ ಅಚ್ಚು ನಟ್ಟನಡುವೆ ಇರುತ್ತದೆ. ಹಾಗಾಗಿ ಕೊಡ ಮೇಲೆ ಬರುವವರೆಗೂ ಕೈಗೆ ಒಂದೇ ಭಾರ. ಆ ಅಚ್ಚನ್ನು ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಏನಾದೀತು? ಅಮೆರಿಕದ ಮಿಸೌರಿಯ ಹಾಲಿಸ್ ವಿಲ್ಬರ್ ಅಲೆನ್ ಅಂಥ ಗಾಲಿಗಳನ್ನು ಬಿಲ್ಲಿನ ಎರಡೂ ತುದಿಗಳಿಗೆ ಜೋಡಿಸಿ 1966ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1969ರಲ್ಲಿ ಪೇಟೆಂಟ್ ಸಿಕ್ಕಿತು. ಕಾಂಪೌಂಡ್ ಬಿಲ್ಲು ಬಂದದ್ದು ಹೀಗೆ.

ಸಾಮಾನ್ಯ ಬಿಲ್ಲು ಎಳೆದಷ್ಟೂ ಬಿಗಿಯಾಗುತ್ತದೆ. ಗುರಿ ನೋಡುವ ಹೊತ್ತಿಗೇ ತೋಳು ನಡುಗತೊಡಗುತ್ತದೆ. ಕಾಂಪೌಂಡ್ ಬಿಲ್ಲಿನ ಆ ಗಾಲಿ, ಅಂದರೆ ಕ್ಯಾಮ್, ತಿರುಗುತ್ತ ಹೋದಂತೆ ಹೆದೆಯ ಕಡೆಯ ಸನ್ನೆ ಉದ್ದವಾಗಿ, ಬಿಲ್ಲನ್ನು ಬಾಗಿಸುವ ಕೇಬಲ್ ಕಡೆಯದು ಗಿಡ್ಡವಾಗುತ್ತದೆ. ಭಾರ ತಟ್ಟನೆ ಇಳಿಯುತ್ತದೆ. ಇದಕ್ಕೆ ಲೆಟ್-ಆಫ್ ಎನ್ನುತ್ತಾರೆ. 40 ಪೌಂಡಿನ ಬಿಲ್ಲಿಗೆ ಶೇ 75ರಷ್ಟು ಲೆಟ್-ಆಫ್ ಇದ್ದರೆ, 18 ಕಿಲೋ ಎಳೆದ ಕೈ ಕೊನೆಯಲ್ಲಿ ಹಿಡಿದಿಡಬೇಕಾದದ್ದು ಬರೀ ನಾಲ್ಕೂವರೆ ಕಿಲೋ. ಶಕ್ತಿ ಎಲ್ಲೂ ಸೋರಿಹೋಗಿಲ್ಲ, ಬಿಲ್ಲಿನ ಬಾಗಿದ ತೋಳುಗಳಾದ ಲಿಂಬ್‌ಗಳಲ್ಲಿ ಕಾದು ಕುಳಿತಿದೆ.

ಹೊಸಬರು ಎಡವುವುದು ಕೊಳ್ಳುವಾಗ. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿರುವುದು ವೇಗ. ಸಾಮಾನ್ಯವಾಗಿ ಅದನ್ನು ಅಳೆಯುವುದು 70 ಪೌಂಡ್ ಭಾರ, 30 ಇಂಚು ಎಳೆತ, 350 ಗ್ರೇನ್ ತೂಕದ ಹಗುರ ಬಾಣ ಇಟ್ಟುಕೊಂಡು. 27 ಇಂಚು ಎಳೆತದ, 40 ಪೌಂಡ್ ಎಳೆಯುವ ಹೊಸ ಕಲಿಯುವವರಿಗೆ ಆ ಅಂಕಿಯಿಂದ ಯಾವ ಪ್ರಯೋಜನವೂ ಇಲ್ಲ.

ಕೇಳಬೇಕಾದದ್ದು ಎಳೆತದ ಉದ್ದ, ಅಂದರೆ ಡ್ರಾ ಲೆಂತ್. ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ, ನಡುಬೆರಳ ತುದಿಯಿಂದ ತುದಿಗೆ ಅಳೆದು 2.5ರಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. 170 ಸೆಂಟಿಮೀಟರ್ ಇದ್ದರೆ ಸುಮಾರು 27 ಇಂಚು. ಕಾಂಪೌಂಡ್ ಬಿಲ್ಲು ತನಗೆ ಹೊಂದಿಸಿದ ಉದ್ದಕ್ಕೆ ಬಂದು ಗೋಡೆಗೆ ತಾಗಿದಂತೆ ನಿಂತುಬಿಡುತ್ತದೆ. ಆ ಉದ್ದ ಹೆಚ್ಚಾದರೆ ಮೈ ಹಿಂದಕ್ಕೆ ವಾಲುತ್ತದೆ, ಹೆದೆ ಮುಂದೋಳಿಗೆ ಬಡಿಯುತ್ತದೆ. ಭಾರದ ಪರೀಕ್ಷೆ ಇನ್ನೂ ಸುಲಭ: ಕುರ್ಚಿಯಲ್ಲಿ ಕೂತು ಗುರಿಯತ್ತ ಬಿಲ್ಲು ಚಾಚಿ ಎಳೆಯುವುದು. ಎಳೆಯಲು ಬಿಲ್ಲನ್ನು ಆಕಾಶಕ್ಕೆ ಎತ್ತಬೇಕಾಗಿ ಬಂದರೆ ಭಾರ ಹೆಚ್ಚಾಯಿತೆಂದೇ ಅರ್ಥ.

ಆದ್ದರಿಂದ ಕೈಗೆಟಕುವ ಬೆಲೆಯಲ್ಲಿ ಬುದ್ಧಿವಂತ ಆಯ್ಕೆ ಎಂದರೆ ವಿಶಾಲ ಹೊಂದಾಣಿಕೆಯ ಬಿಲ್ಲು. ಡೈಮಂಡ್ ಕಂಪನಿಯ ಇನ್ಫಿನಿಟ್ ಎಡ್ಜ್ ಪ್ರೊ 5ರಿಂದ 70 ಪೌಂಡ್‌ವರೆಗೆ, 13ರಿಂದ 31 ಇಂಚಿನವರೆಗೆ ಹೊಂದುತ್ತದೆ; ಹೊಂದಿಸಲು ಒಂದು ಷಟ್ಕೋನದ ಕೀ ಸಾಕು. ಶಾಲೆಯ ಹುಡುಗಿ ಬೆಳೆದಂತೆ ಬಿಲ್ಲೂ ಬೆಳೆಯುತ್ತದೆ. ದುಬಾರಿ ಬಿಲ್ಲಿನ ನಯ ಇದಕ್ಕಿಲ್ಲ, ನಿಜ. ಸ್ಪರ್ಧೆಯ 50 ಮೀಟರ್ ದೂರಕ್ಕೆ ಇನ್ನಷ್ಟು ಉದ್ದದ, ಅಲುಗಾಡದ ಬಿಲ್ಲೇ ಬೇಕಾದೀತು. ಆದರೆ ಕಲಿಕೆಯ ಮೊದಲ ವರ್ಷಗಳಿಗೆ ಇದು ಧಾರಾಳ ಸಾಕು. ಉಳಿದ ಹಣ ಹೆದೆ ಬಿಡುವ ರಿಲೀಸ್, ಗುರಿ ನೋಡುವ ಸೈಟ್ ಮತ್ತು ಬಿಲ್ಲಿನ ಭಾರಕ್ಕೆ ತಕ್ಕ ಗಡಸಿನ ಬಾಣಗಳಿಗೆ ಹೋಗಲಿ.

ಬಿಲ್ಲು ಮೈಗೆ ಒಗ್ಗಬೇಕೆಂಬುದಕ್ಕೆ ಜಮ್ಮುವಿನ ಕಿಶ್ತ್‌ವಾಡದ ಶೀತಲ್ ದೇವಿಗಿಂತ ಬೇರೆ ಸಾಕ್ಷಿ ಬೇಕೆ? ಹುಟ್ಟಿನಿಂದ ಕೈಗಳಿಲ್ಲದ ಆಕೆ ಕಾಲಿನಲ್ಲಿ ಬಿಲ್ಲು ಹಿಡಿದು, ಭುಜದಿಂದ ಹೆದೆ ಎಳೆದು, ದವಡೆಯ ನೆರವಿನಿಂದ ಬಾಣ ಬಿಡುತ್ತಾರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಬಿಲ್ಲುಗಾರ ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದದ್ದು ಕಾಂಪೌಂಡ್ ಬಿಲ್ಲಿನಲ್ಲೇ.

ಅಂಗಡಿಯಲ್ಲಿ ಎಳೆದು ನೋಡುವಾಗ ಒಂದು ಎಚ್ಚರ: ಬಾಣ ಹೂಡದೆ ಹೆದೆ ಬಿಡಬೇಡಿ. ಬಾಣಕ್ಕೆ ಸೇರಬೇಕಾದ ಶಕ್ತಿ ಬಿಲ್ಲಿಗೇ ಬಡಿದು ಲಿಂಬ್ ಸೀಳಬಹುದು, ಹೆದೆ ಹರಿಯಬಹುದು. ಯಾರೋ ಬಳಸಿದ ಬಿಲ್ಲು ಕೊಳ್ಳುವವರು ಒಂದು ಹತ್ತಿಯುಂಡೆ ಜೊತೆಗೆ ಒಯ್ಯಲಿ. ಅದನ್ನು ಲಿಂಬ್‌ನ ಉದ್ದಕ್ಕೂ ಮೆಲ್ಲಗೆ ಸವರಬೇಕು. ಕಣ್ಣಿಗೆ ಕಾಣದ ಸೀಳು ಇದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ.